ಮರುಬಳಕೆಯ ಸ್ಮಾರ್ಟ್ ನೋಟ್‌ಬುಕ್‌ನ ತಯಾರಿಕೆ ನಿಂತಾಗ ಮಾಡಬೇಕಾದ ಕೆಲಸಗಳು

ವಿಶೇಷ ಪೆನ್ನಿನಿಂದ ಬರೆದು, ಫೋನಿನ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಒದ್ದೆ ಬಟ್ಟೆಯಿಂದ ಒರೆಸಿ ಅದೇ ಹಾಳೆಯಲ್ಲಿ ಮತ್ತೆ ಬರೆಯಬಹುದಾದ ನೋಟ್‌ಬುಕ್‌ಗಳನ್ನು ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಮೂಡಿಗೆರೆ, ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೂ ಮೆಚ್ಚಿ ಬಳಸುತ್ತಾರೆ. ತರಗತಿಯ ಟಿಪ್ಪಣಿ, ದಿನದ ಮಳೆಯ ಅಳತೆ, ತೋಟದ ಯಾವ ಬ್ಲಾಕಿಗೆ ಯಾವಾಗ ಬೋರ್ಡೋ (ರೋಗ ತಡೆಯಲು ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದದ್ದು, ಹಣ್ಣು ಕೊಯ್ದವರ ತೂಕದ ಲೆಕ್ಕ, ಎಲ್ಲವೂ ಒಂದೇ ತೆಳುವಾದ ಪುಸ್ತಕದಲ್ಲಿ ಬರೆಯಲ್ಪಟ್ಟು ಫೋನಿಗೆ ಸೇರುತ್ತವೆ. ಇಂತಹ ಪುಸ್ತಕದ ತಯಾರಿಕೆಯನ್ನು ಕಂಪನಿ ನಿಲ್ಲಿಸುತ್ತಿದೆ ಎಂಬ ಸುದ್ದಿ ಬಂದಾಗ ಹೆಚ್ಚಿನವರು ಮೊದಲು ಹುಡುಕುವುದು ಅದರ ಬದಲಿಗೆ ಏನನ್ನು ಕೊಳ್ಳಬೇಕು ಎಂಬುದನ್ನು. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಈವರೆಗೆ ಬರೆದದ್ದನ್ನು ನಮ್ಮ ಕೈಗೆ ತೆಗೆದುಕೊಳ್ಳುವುದು ಮೊದಲ ಕೆಲಸ, ಮತ್ತು ಅದಕ್ಕೆ ಕಂಪನಿ ಕೊಟ್ಟ ಗಡುವಿನ ಕೊನೆಯ ವಾರದವರೆಗೆ ಕಾಯಬಾರದು.

ನಿಂತಿರುವುದು ಯಾವುದು ಎಂದು ತಿಳಿದುಕೊಳ್ಳಿ

ಸ್ಮಾರ್ಟ್ ನೋಟ್‌ಬುಕ್ ಒಂದೇ ವಸ್ತುವಿನಂತೆ ಕಂಡರೂ ಅದರಲ್ಲಿ ನಾಲ್ಕು ಭಾಗಗಳಿವೆ: ಹಾಳೆ, ಶಾಯಿ, ಆ್ಯಪ್ ಮತ್ತು ಸ್ಕ್ಯಾನ್ ಮಾಡಿದ್ದು ಹೋಗಿ ಸೇರುವ ಸಂಗ್ರಹ. ಕಂಪನಿಯ ಪ್ರಕಟಣೆಯನ್ನು ನಿಧಾನವಾಗಿ ಓದಿ, ಇವುಗಳಲ್ಲಿ ಯಾವುದು ಯಾವ ದಿನಾಂಕಕ್ಕೆ ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಪುಸ್ತಕದ ಮಾರಾಟ ಮಾತ್ರ ನಿಂತು ಆ್ಯಪ್ ಇನ್ನೂ ಕೆಲವು ಕಾಲ ನಡೆಯುವುದುಂಟು. ಆ್ಯಪ್ ತೆರೆದುಕೊಂಡರೂ ಅದರ ಹಿಂದಿನ ಸರ್ವರ್ ಮುಚ್ಚಿ, ಸ್ಕ್ಯಾನ್ ಮಾಡಿದ್ದು ಎಲ್ಲಿಗೂ ಹೋಗದೆ ಉಳಿಯುವುದೂ ಉಂಟು.

ಹಾಳೆಗೆ ಬ್ಯಾಟರಿಯಿಲ್ಲ, ಚಿಪ್ ಇಲ್ಲ. ಅದು ಪಾಲಿಯೆಸ್ಟರ್‌ನಂತಹ ನೀರು ಹೀರದ ವಸ್ತುವಿನಿಂದ ಮಾಡಿದ್ದು. ಕಂಪನಿ ಮುಚ್ಚಿದರೂ ಅದರ ಗುಣ ಬದಲಾಗುವುದಿಲ್ಲ. ಶಾಯಿಯ ವಿಷಯವೂ ಸಮಾಧಾನಕರವಾಗಿದೆ. ರಾಕೆಟ್‌ಬುಕ್‌ನಂತಹ ಪುಸ್ತಕಗಳಲ್ಲಿ ಬರೆಯುವುದು ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನುಗಳಿಂದ. ಆ ಪೆನ್ನುಗಳು ಸಾಮಾನ್ಯ ಕಾಗದದ ಮೇಲೆ ಅಳಿಸಿ ಬರೆಯುವುದಕ್ಕಾಗಿಯೇ ಬಂದವು, ಬೇರೆಯಾಗಿಯೇ ಮಾರಾಟವಾಗುತ್ತವೆ. ಆದ್ದರಿಂದ ಪುಸ್ತಕದ ತಯಾರಿಕೆ ನಿಂತ ಮಾತ್ರಕ್ಕೆ ಪೆನ್ನು ಮತ್ತು ರೀಫಿಲ್ ಸಿಗದಂತಾಗುವುದಿಲ್ಲ. ಅಪಾಯವಿರುವುದು ಆ್ಯಪ್‌ನಲ್ಲಿ ಮತ್ತು ಸಂಗ್ರಹದಲ್ಲಿ. ಇವೆರಡರ ಭವಿಷ್ಯ ಒಡೆಯರ ತೀರ್ಮಾನಕ್ಕೆ ಕಟ್ಟುಬಿದ್ದಿರುತ್ತದೆ, ಒಡೆತನವೂ ಬದಲಾಗುತ್ತಿರುತ್ತದೆ. ಅಮೆರಿಕದ ರಾಕೆಟ್‌ಬುಕ್ ಕಂಪನಿಯನ್ನೇ 2020ರಲ್ಲಿ ಫ್ರಾನ್ಸಿನ ಬಿಕ್ ಕೊಂಡುಕೊಂಡಿತು.

ನಿಮ್ಮ ಸ್ಕ್ಯಾನುಗಳು ಗೂಗಲ್ ಡ್ರೈವ್‌ಗೋ ಇ-ಮೇಲ್‌ಗೋ ಹೋಗುತ್ತಿದ್ದರೆ ಅವು ಈಗಾಗಲೇ ನಿಮ್ಮ ಖಾತೆಯಲ್ಲಿವೆ. ನೋಟ್‌ಬುಕ್ ಕಂಪನಿಯದೇ ಕ್ಲೌಡ್‌ನಲ್ಲಿ ಅಥವಾ ಆ್ಯಪ್‌ನ ಒಳಗಿನ ಹಿಸ್ಟರಿಯಲ್ಲಿ ಮಾತ್ರ ಇದ್ದರೆ, ಕಾಣಿಸುತ್ತಿದೆ ಎಂಬ ಕಾರಣಕ್ಕೆ ಅವು ನಿಮ್ಮ ಬಳಿ ಇವೆ ಎಂದು ತಿಳಿಯಬಾರದು. ಇದನ್ನು ಪರೀಕ್ಷಿಸುವ ಬಗೆ ಸುಲಭ: ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ತೆರೆದು, ಕೆಲವು ತಿಂಗಳ ಹಿಂದಿನ ಒಂದು ಪುಟವನ್ನು ತೆರೆಯಲು ಪ್ರಯತ್ನಿಸಿ. ತೆರೆಯದಿದ್ದರೆ ಆ ಪುಟ ನಿಮ್ಮ ಫೋನಿನಲ್ಲಿಲ್ಲ.

ಏನನ್ನೂ ಒರೆಸಬೇಡಿ, ಆ್ಯಪ್ ತೆಗೆಯಬೇಡಿ

ಸುದ್ದಿ ತಿಳಿದ ದಿನದಿಂದ ಎಲ್ಲ ಪುಟಗಳೂ ಸ್ಕ್ಯಾನ್ ಆಗಿ ಎರಡು ಕಡೆ ಉಳಿಯುವವರೆಗೆ ಪುಸ್ತಕದ ಯಾವ ಹಾಳೆಯನ್ನೂ ಒರೆಸಬಾರದು. ಹಾಗೆಯೇ ಫೋನಿನಿಂದ ಆ್ಯಪ್ ಅನ್ನು ತೆಗೆದು ಮತ್ತೆ ಹಾಕಿ ನೋಡುವ ಪ್ರಯೋಗವೂ ಬೇಡ. ಅಂಗಡಿಯಿಂದ ಆ್ಯಪ್ ಮಾಯವಾದ ಮೇಲೆ ಮತ್ತೆ ಹಾಕಿಕೊಳ್ಳುವುದು ಕಷ್ಟ, ತೆಗೆಯುವಾಗ ಅದರೊಳಗೆ ಮಾತ್ರ ಇದ್ದ ಪುಟಗಳೂ ಅಳಿದುಹೋಗಬಹುದು. ಹೊಸ ಫೋನ್ ಕೊಳ್ಳುವ ಯೋಚನೆಯಿದ್ದರೆ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ಈ ಕೆಲಸ ಮುಗಿಯಲಿ. ಆಂಡ್ರಾಯ್ಡ್ 14 ಬಂದಾಗಿನಿಂದ ತೀರ ಹಳೆಯ ಆವೃತ್ತಿಗಾಗಿ ರಚಿಸಿದ ಆ್ಯಪ್‌ಗಳನ್ನು ಹೊಸದಾಗಿ ಹಾಕಿಕೊಳ್ಳಲು ಫೋನೇ ಬಿಡುವುದಿಲ್ಲ. ಅಪ್‌ಡೇಟ್ ನಿಂತ ಆ್ಯಪ್ ಇಂದು ನಡೆಯುತ್ತಿದ್ದರೂ ಮುಂದಿನ ಫೋನಿನಲ್ಲಿ ನಡೆಯುತ್ತದೆ ಎಂಬ ಭರವಸೆಯನ್ನು ಇಟ್ಟುಕೊಳ್ಳುವಂತಿಲ್ಲ.

ಬರೆದದ್ದನ್ನು ಹೊರತೆಗೆಯುವುದು

ಆ್ಯಪ್‌ನಲ್ಲಿ ಸಾಮಾನ್ಯವಾಗಿ ಎಕ್ಸ್‌ಪೋರ್ಟ್ ಅಥವಾ ಡೌನ್‌ಲೋಡ್ ಎಂಬ ಆಯ್ಕೆ ಇರುತ್ತದೆ. ಅದನ್ನು ಹುಡುಕಿ, ಪುಟಗಳನ್ನು ಪಿಡಿಎಫ್ ಆಗಿ ಪಡೆಯಿರಿ. ಪಿಡಿಎಫ್ 2008ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ, ಅಂದರೆ ಅದನ್ನು ತೆರೆಯುವುದಕ್ಕೆ ಯಾವ ಒಂದು ಕಂಪನಿಯ ಹಂಗೂ ಬೇಕಾಗಿಲ್ಲ. ಪಿಡಿಎಫ್ ಸಿಗದಿದ್ದರೆ ಜೆಪೆಗ್ ಚಿತ್ರವೂ ಆಗುತ್ತದೆ. ಆ್ಯಪ್‌ಗಷ್ಟೇ ಅರ್ಥವಾಗುವ ವಿಶೇಷ ಕಡತ ಬೇಡ.

ಫೈಲುಗಳಿಗೆ ಹೆಸರಿಡುವ ಕೆಲಸಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಆ್ಯಪ್‌ಗಳು ಕೈಬರಹವನ್ನು ಓದಿ, ಹುಡುಕಬಹುದಾದ ಅಕ್ಷರವಾಗಿಸಿ ಕೊಡುತ್ತವೆ. ಕನ್ನಡದ ಕೈಬರಹದಲ್ಲಿ, ಅದರಲ್ಲೂ ಒತ್ತಕ್ಷರಗಳನ್ನು ಕೂಡಿಸಿ ಬೇಗ ಬರೆದ ಬರಹದಲ್ಲಿ, ಆ ಸೌಲಭ್ಯವನ್ನು ನಂಬಿ ಕೂರುವಂತಿಲ್ಲ. ಹಾಗಾಗಿ ಕನ್ನಡದಲ್ಲಿ ಬರೆಯುವವರಿಗೆ ಫೈಲಿನ ಹೆಸರೇ ಹುಡುಕುವ ದಾರಿ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿಗಳನ್ನು ಮೊದಲು ಹಾಕಿ, ನಂತರ ವಿಷಯವನ್ನು ಬರೆದರೆ, ಉದಾಹರಣೆಗೆ ‘2025-06-14 ಮಳೆ ಮತ್ತು ಬೋರ್ಡೋ ಮೇಲಿನ ಬ್ಲಾಕ್’ ಎಂದು ಇಟ್ಟರೆ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಫೈಲುಗಳು ದಿನಾಂಕದ ಸಾಲಿನಲ್ಲೇ ನಿಲ್ಲುತ್ತವೆ. ಟೈಪ್ ಮಾಡುವುದು ಬೇಸರವಾದರೆ ಜಿಬೋರ್ಡ್ ಕೀಲಿಮಣೆಯ ಮೈಕ್ ಗುರುತನ್ನು ಒತ್ತಿ ಕನ್ನಡದಲ್ಲಿ ಹೇಳಿದರೆ ಸಾಕು, ಅದು ಟೈಪ್ ಮಾಡಿಕೊಡುತ್ತದೆ. ಬಹಳ ಮುಖ್ಯವಾದ ಪುಟಗಳಿದ್ದರೆ ಇಡೀ ಪುಟವನ್ನೇ ಗಟ್ಟಿಯಾಗಿ ಓದಿ ಅಕ್ಷರಕ್ಕೆ ಇಳಿಸಿಕೊಳ್ಳಬಹುದು. ತಪ್ಪುಗಳನ್ನು ಆಮೇಲೆ ತಿದ್ದಬೇಕಾಗುತ್ತದೆಯಾದರೂ ಕುಳಿತು ಟೈಪ್ ಮಾಡುವುದಕ್ಕಿಂತ ಬೇಗ ಮುಗಿಯುತ್ತದೆ.

ಹೊರತೆಗೆದದ್ದು ಎರಡು ಬೇರೆ ಬೇರೆ ಜಾಗಗಳಲ್ಲಿರಬೇಕು. ಒಂದು ಗೂಗಲ್ ಡ್ರೈವ್‌ನಲ್ಲಿದ್ದರೆ ಇನ್ನೊಂದು ಪೆನ್ ಡ್ರೈವ್‌ನಲ್ಲೋ ಹಾರ್ಡ್ ಡಿಸ್ಕ್‌ನಲ್ಲೋ ಇರಲಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಜಿಮೇಲ್, ಫೋಟೋಸ್ ಮತ್ತು ಡ್ರೈವ್ ಮೂರೂ ಹಂಚಿಕೊಳ್ಳುತ್ತವೆ. ಮದುವೆಯ ವಿಡಿಯೊಗಳಿಂದ ಅದು ತುಂಬಿಹೋಗಿದ್ದರೆ ಹೊಸ ಪುಟಗಳು ಸೇರುವುದಿಲ್ಲ. ನೋಟ್‌ಬುಕ್‌ಗೆಂದೇ ಬೇರೊಂದು ಗೂಗಲ್ ಖಾತೆ ತೆರೆದವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು: ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಮಲೆನಾಡಿನಲ್ಲಿ ಮಳೆಗಾಲ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲದ ದಿನಗಳು ಒಂದರ ಹಿಂದೆ ಒಂದು ಬರುತ್ತವೆ. ಗಡುವು ಜುಲೈ, ಆಗಸ್ಟಿನಲ್ಲಿ ಇದ್ದರೆ ಈ ಕೆಲಸವನ್ನು ಮೇ ತಿಂಗಳಿನಲ್ಲೇ ಮುಗಿಸಿಕೊಳ್ಳುವುದು ವಿವೇಕ. ದೊಡ್ಡ ಫೈಲುಗಳಿದ್ದರೆ ಒಂದು ದಿನ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಬಂದು ಒಳ್ಳೆಯ ಸಂಪರ್ಕ ಇರುವ ಕಡೆ ಕುಳಿತು ಮಾಡಿದರೂ ಆದೀತು.

ಎರಡು ಪ್ರತಿಗಳೂ ತೆರೆಯುತ್ತವೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಕಂಪನಿಯ ಖಾತೆಯನ್ನು ಮುಚ್ಚಿ. ಹಾಗೆಂದು ಮುಚ್ಚದೆ ಬಿಡುವುದೂ ಸರಿಯಲ್ಲ. ಆ್ಯಪ್‌ಗೆ ನಿಮ್ಮ ಡ್ರೈವ್ ಬಳಸಲು ಕೊಟ್ಟಿದ್ದ ಅನುಮತಿಯನ್ನು ಗೂಗಲ್ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಹಿಂತೆಗೆದುಕೊಳ್ಳಬೇಕು, ಏಕೆಂದರೆ ನೋಡಿಕೊಳ್ಳುವವರಿಲ್ಲದ ಆ್ಯಪ್‌ನ ಕೈಯಲ್ಲಿ ಮನೆಯ ಕೀಲಿ ಉಳಿಯಬಾರದು.

ಅದೇ ಪುಸ್ತಕ, ಬೇರೆ ಸ್ಕ್ಯಾನರ್

ಪುಟದ ಮೂಲೆಯ ಕ್ಯೂಆರ್ ಗುರುತು, ಅಡಿಯಲ್ಲಿ ಅಚ್ಚಾಗಿರುವ ಪುಟ್ಟ ಚಿಹ್ನೆಗಳು, ಸುತ್ತಲಿನ ಕಪ್ಪು ಚೌಕಟ್ಟು ಇವೆಲ್ಲ ಆ್ಯಪ್‌ಗೆ ಸಹಾಯ ಮಾಡುವುದಕ್ಕೆ ಇರುವಂಥವು. ಕ್ಯೂಆರ್ ಪುಟವನ್ನು ಗುರುತಿಸುತ್ತದೆ. ಚಿಹ್ನೆಗಳಲ್ಲಿ ಯಾವುದಕ್ಕೆ ಗುರುತು ಹಾಕಿದ್ದೀರೋ ಆ ವಿಳಾಸಕ್ಕೆ ಪುಟ ಹೋಗುತ್ತದೆ. ಚೌಕಟ್ಟು ಪುಟದ ಅಂಚನ್ನು ತೋರಿಸುತ್ತದೆ. ಆ್ಯಪ್ ಹೋದ ಮೇಲೆ ಮೊದಲಿನ ಎರಡು ಕೆಲಸಕ್ಕೆ ಬಾರದೆ ಹೋದರೂ ಚೌಕಟ್ಟು ಎಲ್ಲ ಸ್ಕ್ಯಾನರ್ ಆ್ಯಪ್‌ಗಳಿಗೂ ಉಪಯುಕ್ತವೇ. ಆಂಡ್ರಾಯ್ಡ್ ಫೋನಿನಲ್ಲಿ ಗೂಗಲ್ ಡ್ರೈವ್ ತೆರೆದು ಕ್ಯಾಮೆರಾ ಗುರುತನ್ನು ಒತ್ತಿದರೆ ಪುಟದ ಅಂಚನ್ನು ಹಿಡಿದು, ಓರೆಯನ್ನು ನೇರ ಮಾಡಿ, ಪಿಡಿಎಫ್ ಆಗಿ ಉಳಿಸುತ್ತದೆ. ಐಫೋನಿನವರಿಗೆ ನೋಟ್ಸ್ ಆ್ಯಪ್‌ನಲ್ಲಿಯೇ ಇದೇ ಸೌಲಭ್ಯವಿದೆ. ಚಿಹ್ನೆಗಳ ಬದಲಿಗೆ ಡ್ರೈವ್‌ನಲ್ಲಿ ‘ಮಳೆ’, ‘ತೋಟದ ಕೆಲಸ’, ‘ಪಾಠ’ ಎಂಬಂತೆ ಫೋಲ್ಡರ್‌ಗಳನ್ನು ಮಾಡಿಕೊಂಡು, ಉಳಿಸುವಾಗ ಸರಿಯಾದದ್ದನ್ನು ಆರಿಸಿದರೆ ಮುಗಿಯಿತು. ಒಂದು ಹೆಜ್ಜೆ ಹೆಚ್ಚಾಯಿತು ಎನ್ನುವುದು ನಿಜ, ಆದರೆ ಆ ಹೆಜ್ಜೆ ನಮ್ಮ ಹತೋಟಿಯಲ್ಲಿರುತ್ತದೆ.

ಬದಲಿ ಸ್ಕ್ಯಾನರ್ ಆರಿಸುವಾಗ ಅದು ದೊಡ್ಡ ಕಂಪನಿಯದು ಎಂಬುದೊಂದೇ ಭರವಸೆಯಾಗಬಾರದು. ಬಹಳ ಜನ ಬಳಸುತ್ತಿದ್ದ ಲೆನ್ಸ್ ಎಂಬ ಸ್ಕ್ಯಾನರ್ ಆ್ಯಪ್ ಅನ್ನು ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿತು. ಯಾವ ಸ್ಕ್ಯಾನರ್ ಆದರೂ ಇರಲಿ, ಅದರಿಂದ ಬರುವ ಪಿಡಿಎಫ್ ನಿಮ್ಮ ಫೋಲ್ಡರಿಗೆ ಬಂದು ಬೀಳುತ್ತಿದ್ದರೆ ನಾಳೆ ಬೇರೊಂದಕ್ಕೆ ಹೋಗಲು ಅಡ್ಡಿಯಿಲ್ಲ. ಸ್ಕ್ಯಾನ್ ಮಾಡುವಾಗ ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಪುಸ್ತಕವನ್ನು ಇಟ್ಟುಕೊಳ್ಳಿ. ಪಾಲಿಯೆಸ್ಟರ್ ಹಾಳೆ ಹೊಳೆಯುವುದರಿಂದ ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಅದರ ಮೇಲೆ ಬಿಳಿ ಪಟ್ಟೆಯಾಗಿ ಕಾಣುತ್ತದೆ.

ಚುಕ್ಕೆಗಳ ವಿನ್ಯಾಸವಿರುವ ಕಾಗದವನ್ನು ಪೆನ್ನಿನಲ್ಲಿರುವ ಕ್ಯಾಮೆರಾ ಓದುವಂತಹ ಸ್ಮಾರ್ಟ್ ಪೆನ್ ಬಳಸುವವರ ಕಷ್ಟ ಇದಕ್ಕಿಂತ ದೊಡ್ಡದು, ಏಕೆಂದರೆ ಆ ಕಾಗದವಿಲ್ಲದೆ ಪೆನ್ನು ಬರೆದದ್ದನ್ನು ಹಿಡಿಯುವುದಿಲ್ಲ. ಲೈವ್‌ಸ್ಕ್ರೈಬ್‌ನಂತಹ ಕಂಪನಿಗಳು ಚುಕ್ಕೆ ಕಾಗದವನ್ನು ಮನೆಯ ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿಕೊಳ್ಳಲು ಅವಕಾಶ ಕೊಟ್ಟಿವೆ. ನಿಮ್ಮ ಪೆನ್ನಿಗೆ ಅಂತಹ ಅವಕಾಶವಿದ್ದರೆ, ಅದು ಇರುವಾಗಲೇ ಬೇಕಾದಷ್ಟು ಹಾಳೆಗಳನ್ನು ಮುದ್ರಿಸಿ ತೇವವಿಲ್ಲದ ಕಪಾಟಿನಲ್ಲಿಡಿ.

ಹಾಳೆ ಮತ್ತು ಶಾಯಿಯ ಆಯುಷ್ಯ

ಹೊಸ ಪುಸ್ತಕ ಸಿಗುವುದಿಲ್ಲ ಎಂದಾದ ಮೇಲೆ ಇರುವುದನ್ನು ಜೋಪಾನ ಮಾಡುವುದೇ ದಾರಿ. ಸಾಮಾನ್ಯ ಬಾಲ್ ಪೆನ್, ಮಾರ್ಕರ್ ಅಥವಾ ಜೆಲ್ ಪೆನ್ ಒಮ್ಮೆ ತಗುಲಿದರೆ ಕಲೆ ಉಳಿಯುತ್ತದೆ. ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಕೈಗೆ ಪುಸ್ತಕ ಕೊಡುವಾಗ ಪೆನ್ನನ್ನೂ ಅದಕ್ಕೆ ಕಟ್ಟಿಯೇ ಕೊಡಿ. ಫ್ರಿಕ್ಷನ್ ಶಾಯಿ ಈ ಹಾಳೆಯ ಮೇಲೆ ಒಣಗಲು ಹದಿನೈದು ಸೆಕೆಂಡಾದರೂ ಬೇಕು, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ತೇವದ ಗಾಳಿಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬರೆದ ಕೂಡಲೇ ಪುಸ್ತಕ ಮುಚ್ಚಿದರೆ ಎದುರಿನ ಪುಟಕ್ಕೆ ಅಂಟುತ್ತದೆ. ಒದ್ದೆ ಕೈ, ಕಂಬಳಿಯಿಂದ ತೊಟ್ಟಿಕ್ಕುವ ಹನಿ, ಬೆವರು ಇವುಗಳಲ್ಲಿ ಯಾವುದು ಬಿದ್ದರೂ ಬರೆದದ್ದು ಹೋಗುತ್ತದೆ, ಏಕೆಂದರೆ ಒರೆಸುವುದಕ್ಕೆ ಬೇಕಾದದ್ದೂ ನೀರೇ. ಹಾಗಾಗಿ ಮಳೆಗಾಲದಲ್ಲಿ ಬಯಲಿನಲ್ಲಿ ನಿಂತು ಬರೆಯುವ ಕೆಲಸಕ್ಕೆ ಈ ಪುಸ್ತಕ ತಕ್ಕುದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಪೆನ್ಸಿಲ್ ಮತ್ತು ಸಾಮಾನ್ಯ ಕಾಗದವೇ ಮೇಲು. ತಿಂಗಳುಗಟ್ಟಲೆ ಒರೆಸದೆ ಬಿಟ್ಟ ಬರಹ ಮಸುಕಾದ ನೆರಳನ್ನು ಉಳಿಸಬಹುದಾದ್ದರಿಂದ, ಸ್ಕ್ಯಾನ್ ಆಗಿ ಎರಡು ಪ್ರತಿ ಸಿದ್ಧವಾದ ಪುಟಗಳನ್ನು ಸ್ವಚ್ಛವಾದ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ, ಹಿಂಡಿ, ಒರೆಸಿ, ಪೂರ್ತಿ ಆರಲು ಬಿಡಿ.

ಬಿಸಿಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಫ್ರಿಕ್ಷನ್ ಶಾಯಿಯ ಬಣ್ಣ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಬಣ್ಣ ಕಳೆದುಕೊಳ್ಳುತ್ತದೆ. ಕಾಗದದ ಮೇಲೆ ಪೆನ್ನಿನ ಹಿಂಬದಿಯಿಂದ ಉಜ್ಜಿದಾಗ ಅಳಿಯುವುದೂ ಉಜ್ಜುವ ಬಿಸಿಯಿಂದಲೇ. ಮಾರ್ಚ್, ಏಪ್ರಿಲ್‌ನಲ್ಲಿ ಹಾಸನದ ಬಸ್ ನಿಲ್ದಾಣದ ಹತ್ತಿರ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಆ ಉಷ್ಣತೆಯನ್ನು ಮುಟ್ಟಬಲ್ಲದು. ಹಾಗೆ ಮಾಯವಾದ ಬರಹ ಪೂರ್ತಿ ನಾಶವಾಗಿರುವುದಿಲ್ಲ. ಸೊನ್ನೆಗಿಂತ ಕೆಳಗೆ 10ರಿಂದ 20 ಡಿಗ್ರಿಗೆ ತಣಿಸಿದರೆ ಬಣ್ಣ ಮರಳುತ್ತದೆ, ಮನೆಯ ಫ್ರಿಜ್‌ನ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲಿರುತ್ತದೆ. ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ, ಕರೆಂಟ್ ಸರಿಯಿರುವ ಒಂದು ರಾತ್ರಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಹೊರತೆಗೆದ ಕೂಡಲೇ ಕವರ್ ಬಿಚ್ಚಬಾರದು; ತಣ್ಣಗಿನ ಹಾಳೆಯ ಮೇಲೆ ಗಾಳಿಯ ತೇವ ಹನಿಗಟ್ಟಿ, ಮರಳಿದ ಬರಹವನ್ನು ತೊಳೆದುಬಿಡುತ್ತದೆ. ಪುಸ್ತಕ ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ ಸ್ಕ್ಯಾನ್ ಮಾಡಿ. ಬಣ್ಣ ಮೊದಲಿನಷ್ಟು ಗಾಢವಾಗಿ ಬರದಿರಬಹುದು, ಆದರೆ ಸಾಮಾನ್ಯವಾಗಿ ಓದುವಷ್ಟು ಕಾಣುತ್ತದೆ. ಹೊಸ ರೀಫಿಲ್ ಬಿಸಿಲಿಗೆ ಸಿಕ್ಕು ಬಣ್ಣವಿಲ್ಲದೆ ಬರೆದರೂ ಇದೇ ಚಿಕಿತ್ಸೆ.

ಅಳಿಸುವ ಪುಸ್ತಕದಲ್ಲಿ ಇರಬಾರದ ಬರಹ

ಉತ್ಪನ್ನ ನಿಂತ ಈ ಸಂದರ್ಭದಲ್ಲಿ ಯಾವ ಬರಹ ಎಲ್ಲಿ ಇರಬೇಕು ಎಂಬುದನ್ನು ಮತ್ತೊಮ್ಮೆ ವಿಂಗಡಿಸುವುದು ಒಳ್ಳೆಯದು. ಕೂಲಿಯ ಚೆಕ್‌ರೋಲ್ (ಹಾಜರಿ ಪುಸ್ತಕ), ಹಣ ಕೊಟ್ಟ ರಸೀದಿ, ಸಹಿ ಇರುವ ಒಪ್ಪಂದ, ಪರೀಕ್ಷೆಯ ಉತ್ತರ ಪತ್ರಿಕೆ ಇವುಗಳಿಗೆ ಅಳಿಸುವ ಶಾಯಿ ಸಲ್ಲದು; ಪೈಲಟ್ ಕಂಪನಿಯೇ ಇಂತಹ ಬಳಕೆ ಬೇಡವೆಂದು ಎಚ್ಚರಿಸುತ್ತದೆ. ಕಾರ್ಮಿಕರ ದುಡಿಮೆಯ ಲೆಕ್ಕ ಅವರ ಕಣ್ಣೆದುರಿಗೆ ಅಳಿಸಲಾಗದ ಶಾಯಿಯಲ್ಲಿ ಇರಬೇಕಾದದ್ದು ನ್ಯಾಯವೂ ಹೌದು.

ಮಳೆಯ ದಾಖಲೆಯ ಮಾತು ಬೇರೆ ರೀತಿಯದು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಭಾಗ) ಬರೆಯುತ್ತಾರೆ; ಅಜ್ಜನ ಕಾಲದ ಉದ್ದನೆಯ ರಿಜಿಸ್ಟರ್‌ಗಳು ಇನ್ನೂ ಕಪಾಟಿನಲ್ಲಿರುವ ಮನೆಗಳುಂಟು. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನದ ನಂತರ ಸಿಕ್ಕಿತು, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಮೊದಲು ಎಷ್ಟು ಇಂಚು ಆಗಿತ್ತು ಎಂಬ ಸಂಗತಿಗಳ ಬೆಲೆ ತಿಳಿಯುವುದು ಹತ್ತಾರು ವರ್ಷಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ. 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಸಲಹೆ ಕೇಳಲು ಹೋಗುವಾಗಲೂ ಹಿಂದಿನ ವರ್ಷಗಳ ಮಳೆ ಮತ್ತು ಸಿಂಪಡಣೆಯ ದಾಖಲೆ ಕೈಯಲ್ಲಿದ್ದರೆ ಮಾತು ನಿಖರವಾಗುತ್ತದೆ. ಇಷ್ಟು ದೀರ್ಘಕಾಲ ಬಾಳಬೇಕಾದದ್ದನ್ನು ಒಂದು ಕಂಪನಿಯ ಆ್ಯಪ್‌ನಲ್ಲಿ ಮಾತ್ರ ಇಡುವುದು ಸರಿಯಲ್ಲ. ದಿನದ ಅಂಕಿಯನ್ನು ಸ್ಮಾರ್ಟ್ ನೋಟ್‌ಬುಕ್‌ನಲ್ಲಿ ಬರೆಯುವ ಅಭ್ಯಾಸವಿದ್ದರೆ ಇರಲಿ, ತಿಂಗಳ ಕೊನೆಗೆ ಅದನ್ನು ಕಾಗದದ ರಿಜಿಸ್ಟರಿಗೆ ಬಾಲ್ ಪೆನ್ನಿನಲ್ಲಿ ಇಳಿಸಿ. ವಿದ್ಯಾರ್ಥಿಗಳಿಗೂ ಇದೇ ಮಾತು ಬೇರೆ ಅಳತೆಯಲ್ಲಿ ಅನ್ವಯಿಸುತ್ತದೆ: ಲೆಕ್ಕ ಬಿಡಿಸುವ ಕಚ್ಚಾ ಕೆಲಸಕ್ಕೆ ಅಳಿಸುವ ಹಾಳೆ, ಸೆಮಿಸ್ಟರ್ ಮುಗಿದ ಮೇಲೂ ಬೇಕಾಗುವ ಟಿಪ್ಪಣಿಗೆ ಕಾಗದ.

ಹಣ ಮುಂಗಡ ಕೊಟ್ಟಿದ್ದರೆ

ತಯಾರಿಕೆ ನಿಲ್ಲಿಸುವುದೊಂದೇ ಗ್ರಾಹಕರ ವಿರುದ್ಧದ ತಪ್ಪಾಗುವುದಿಲ್ಲ. ಆದರೆ ವರ್ಷದ ಚಂದಾ ಪಡೆದು ಮಧ್ಯದಲ್ಲೇ ಸೇವೆ ನಿಲ್ಲಿಸಿ ಉಳಿದ ಹಣ ಮರಳಿಸದಿದ್ದರೆ, ಅಥವಾ ಹಣ ಪಡೆದ ಪುಸ್ತಕವನ್ನು ಕಳಿಸದಿದ್ದರೆ ಕೇಳುವ ಹಕ್ಕು ನಿಮಗಿದೆ. ಮೊದಲು ಕಂಪನಿಗೆ ಅಥವಾ ಮಾರಿದವರಿಗೆ ಇ-ಮೇಲ್‌ನಲ್ಲಿ ಬರೆದು, ಬಿಲ್ ಮತ್ತು ಉತ್ತರಗಳನ್ನು ಉಳಿಸಿಕೊಳ್ಳಿ. ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅದಕ್ಕೂ ಮುಂದೆ ಹೋಗಬೇಕಾದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ಅಂದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ, ದೂರು ಕೊಡಬಹುದು. ಕಾರಣ ಉಂಟಾದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಮುಂದೆ ಕೊಳ್ಳುವಾಗ

ಉಳಿದ ಸ್ಟಾಕ್ ಅಗ್ಗಕ್ಕೆ ಸಿಕ್ಕಿತೆಂದು ಹತ್ತು ಪುಸ್ತಕ ಕೊಂಡು ಇಡುವ ಆಸೆ ಸಹಜ. ಒಂದೆರಡು ಸಾಕು, ಹಾಳೆ ಬಾಳಿಕೆ ಬರುವಂಥದ್ದು, ಶಾಯಿಯೇ ಮೊದಲು ಒಣಗುತ್ತದೆ. ಬೇರೆ ಕಂಪನಿಯ ಪುಸ್ತಕ ನೋಡುವವರು ಅಂಗಡಿಯಲ್ಲೇ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಅದರ ಆ್ಯಪ್ ಇಲ್ಲದೆ ಪುಸ್ತಕ ಉಪಯೋಗಕ್ಕೆ ಬರುತ್ತದೆಯೇ, ಪೆನ್ನು ಬೇರೆಯಾಗಿ ಸಿಗುತ್ತದೆಯೇ, ಬರೆದದ್ದು ಪಿಡಿಎಫ್ ಆಗಿ ನನ್ನ ಫೋಲ್ಡರಿಗೆ ಬರುತ್ತದೆಯೇ. ಬಟನ್ ಒತ್ತಿದರೆ ಅಳಿಸಿಹೋಗುವ ಅಗ್ಗದ ಎಲ್‌ಸಿಡಿ ಬರೆಯುವ ಹಲಗೆಗಳು ಮಕ್ಕಳ ಅಭ್ಯಾಸಕ್ಕೆ ಸರಿ. ಅವುಗಳಲ್ಲಿ ಹೆಚ್ಚಿನವು ಏನನ್ನೂ ಉಳಿಸಿಡುವುದಿಲ್ಲ. ಬಹಳ ಮಂದಿಗೆ ಸಾಮಾನ್ಯ ನೋಟ್‌ಬುಕ್ ಮತ್ತು ಫೋನಿನ ಸ್ಕ್ಯಾನರ್ ಎರಡೇ ಸಾಕೆಂದು ನನಗೆ ಅನ್ನಿಸುತ್ತದೆ, ಕಾಗದ ಉಳಿಸುವ ಆಸೆ ಇರುವವರಿಗೆ ಮಾತ್ರ ಅಳಿಸುವ ಹಾಳೆಯಿಂದ ನಿಜವಾದ ಲಾಭ.

ಹಳೆಯ ಪುಸ್ತಕ ಪೂರ್ತಿ ಸವೆದಾಗ ಅದನ್ನು ಬಚ್ಚಲೊಲೆಗೆ ಹಾಕಬೇಡಿ. ನೋಡಲು ಕಾಗದದಂತಿದ್ದರೂ ಅದು ಪ್ಲಾಸ್ಟಿಕ್. ಸುಟ್ಟರೆ ಕೆಟ್ಟ ಹೊಗೆ ಬರುತ್ತದೆ, ರದ್ದಿ ಕಾಗದದ ಜೊತೆ ಸೇರಿಸಿದರೂ ಉಪಯೋಗವಿಲ್ಲ. ಎಲ್ಲ ಪುಟಗಳನ್ನು ಒರೆಸಿ, ಲೋಹದ ಸುರುಳಿಯಿದ್ದರೆ ಬಿಡಿಸಿ, ನಗರಸಭೆ ಅಥವಾ ಪಂಚಾಯಿತಿಯ ಒಣ ಕಸದ ಗಾಡಿಗೆ ಪ್ಲಾಸ್ಟಿಕ್ ಜೊತೆ ಕೊಡಿ. ಬ್ಯಾಟರಿಯಿರುವ ಸ್ಮಾರ್ಟ್ ಪೆನ್ನನ್ನು ಮಾತ್ರ ಅದರಲ್ಲಿ ಹಾಕದೆ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ.